ಅತ್ತಿಯವರ ಹೊಸಾ ಕೀಲಿಕೈ

ಹೋದ ಸಲಾ ಮೆಂತೆದ ಹಿಟ್ಟಿನ ಬಗ್ಗೆ ಬರದಿದ್ದೆ. ಅದನ್ನ ಓದಿ ಹುಬ್ಬಳ್ಳಿ ವೈನಿ ಫೋನ್ ಮಾಡಿದ್ರು. ಹಿಟ್ಟಿನ ಸುದ್ದಿ ಎರಡ ಮಾತಿನ್ಯಾಗ ಮುಗಿಸಿ, "ಅದಿರಲಿ, ಚಳಿಗಾಲದಾಗ ವಿಡಿಯೋ ಕಾಲ್ ಮಾಡಿದಾಗ ನಿಮ್ಮ ಅತ್ತಿಯವರು ಅಂಗಳದಾಗ ನಿಂತು ಕೈಯಾಗಿಂದು ಏನೋ ಒತ್ತಿದ್ರು, ಇಡೀ ಗ್ವಾಡಿನ ಮ್ಯಾಲೆದ್ದು ಹೋತಲ್ಲಾ, ಅದರ ಬಗ್ಗೆ ಬರಿ. ನಾವೂ ಗೇಟಿಗೆ ಮೋಟರ್ ಕೂಡಸಬೇಕು ಅಂತ ಮಾಡೇವಿ" ಅಂದ್ರು. ಅದಕ್ಕ ಈ ಸಲಾ ಅಡಗಿಮನಿ ಬಿಟ್ಟು ಗ್ಯಾರೇಜಿಗೆ ಬಂದೀನಿ. ಬ್ಯಾಸರಾ ಮಾಡ್ಕೋಬ್ಯಾಡ್ರಿ, ಇದೂ ಮನಿ ಕೆಲಸನ.

ಮೊದಲ ಇಲ್ಲಿ ಮನಿ ಹೆಂಗಿರ್ತಾವ ಹೇಳತೀನಿ. ನಾವಿರೂದು ಮಿಶಿಗನ್ನಿನ್ಯಾಗ, ಡೆಟ್ರಾಯ್ಟ್ ಊರಿನ ಹೊರಗಿನ ಬಡಾವಣಿಯೊಳಗ. ಈ ಕಡೆ ಗ್ಯಾರೇಜು ಮನಿಗೆ ಅಂಟಿಕೊಂಡ ಇರ್ತದ. ಮುಂಬಾಗಲಾ ಅಂತ ಒಂದು ಛಂದ ಮಾಡಿ ಇಟ್ಟಿರ್ತಾರ, ಆದ್ರ ಅದು ಪಾರ್ಸಲ್ ತರಾವ್ರಿಗೆ ಮತ್ತ ಪಾವಣ್ಯಾರಿಗೆ. ಮನಿ ಮಂದಿ ಎಲ್ಲಾ ಗ್ಯಾರೇಜಿನ ದೊಡ್ಡ ಕದಾ ಎಬ್ಬಿಸಿ, ಕಾರು ಒಳಗ ಹಾಕಿ, ಕಸದ ಡಬ್ಬಿ, ಬೂಟು, ಹಿಮಾ ತಗಿಯೂ ಸಲಿಕಿ ಎಲ್ಲಾ ದಾಟಿ, ಸಣ್ಣ ಬಾಗಲದಿಂದ ಅಡಗಿಮನಿಗೆ ಬರತೀವಿ. ನಮ್ಮ ಅತ್ತಿಯವರು ಸೆಪ್ಟೆಂಬರದಾಗ ಧಾರವಾಡದಿಂದ ಬಂದಾಗ ಇದನ್ನ ನೋಡಿ, "ಹೊಸ್ತಿಲಾ ಇಲ್ಲದ ಬಾಗಲದಿಂದ ಮನಿ ಹೊಕ್ಕೋದು ಯಾವ ಪದ್ಧತಿನ?" ಅಂತ ಕೇಳಿದ್ರು. ಎರಡ ದಿವಸ ಬಿಟ್ಟು ಅವರ ತೀರ್ಮಾನ ಮಾಡಿದ್ರು: "ಎಲ್ಲಾರೂ ಇಲ್ಲಿಂದನ ಬರತೀರಿ ಅಂದ್ರ ಇದ ನಿಮ್ಮ ತಲಬಾಗಲಾ." ಮರುದಿವಸ ಮುಂಜಾನೆ ಗ್ಯಾರೇಜಿನ ಮುಂದ, ಕಾರಿನ ಗಾಲಿ ತಾಗಲಾರದ ಮೂಲ್ಯಾಗ, ರಂಗೋಲಿ ಬಿದ್ದಿತ್ತು.

ಆದ್ರ ಆ ತಲಬಾಗಲದ ಕೀಲಿಕೈ ಅವರ ಕೈಯಾಗ ಇರಲಿಲ್ಲ. ಧಾರವಾಡದ ಮನ್ಯಾಗ ಅವರ ಸೊಂಟಕ್ಕ ಕೀಲಿಕೈ ಗೊಂಚಲಾ ಸಿಗಿಸಿದ್ದು ನಾ ಮದುವಿಯಾಗಿ ಹೋದ ದಿವಸದಿಂದ ನೋಡೀನಿ. ನಡದ್ರ ಸಪ್ಪಳಾ ಬರ್ತಿತ್ತು. ಇಲ್ಲೆ ನಮ್ಮ ಓಪನರಿಗೆ ಇದ್ದದ್ದು ಒಂದ ಒಂದು ರಿಮೋಟು, ಅದು ಇವರ ಕಾರಿನ್ಯಾಗ. ಒಳಗ ಗ್ವಾಡಿಗೆ ಒಂದು ಬಟನ್. ಮುಂಬಾಗಲದ ಕೀಲಿಕೈ ಕೊಟ್ಟಿದ್ವಿ, ಆದ್ರ ಆ ಕೀಲಿ ಬಿಗಿ. ಒಂದ ಕೈಲೆ ಬಾಗಲಾ ಎಳದು ಹಿಡದು ಇನ್ನೊಂದ ಕೈಲೆ ತಿರುವಬೇಕು. ಸಂಧಿವಾತದ ಬೆರಳಿಗೆ ಅದು ಆಗೂ ಮಾತಲ್ಲ. ಹೊರಗ ಹೋಗಬೇಕಂದ್ರ ಗ್ಯಾರೇಜಿನ ಕದಾ ತಗದ ಬಿಟ್ಟು ಹೋಗಬೇಕು. ಮನಿ ಬಾಯಿ ತಕ್ಕೊಂಡು ಕೂತಿದ್ದಾಗ ಅವರ ಮನಸು ಎಲ್ಲಿ ಮುಂದ ಹೋಗ್ತದ? ಟಪಾಲ ಡಬ್ಬಿ ತನಕಾ ಹೋಗಿ ತಿರುಗಿ ಬರತಿದ್ರು. ಮೂರನೇ ವಾರಕ್ಕ ಅದನ್ನೂ ಬಿಟ್ಟರು. ಕಿಡಕಿ ಮುಂದ ಕುರ್ಚಿ ಹಾಕ್ಕೊಂಡು ಕೂಡೂದ ಶುರು ಆತು. ಒಂದ ದಿವಸ ಅವರೆಕಾಳು ಸುಲಿಯೂ ಮುಂದ, ಯಾರಿಗೋ ಹೇಳಿದಂಗ, "ಕೀಲಿಕೈ ಇಲ್ಲದ ಮನ್ಯಾಗ ನಾ ಪಾವಣ್ಯಾಕಿನ ಅಲ್ಲೇನು" ಅಂದ್ರು. ಸಿಟ್ಟಿಲ್ಲ, ಅಳು ಇಲ್ಲ. ಆ ಮಾತು ನಂಗ ಇಡೀ ದಿವಸ ಕಿವ್ಯಾಗ ಉಳೀತು.

ಇನ್ನೊಂದು ರಿಮೋಟು ತಂದ್ರ ಮುಗೀತಲ್ಲಾ ಅಂತೀರಿ. ನಮ್ಮ ಮನಿ 1994ರಾಗ ಕಟ್ಟಿದ್ದು, ಓಪನರೂ ಆವಾಗಿಂದು. ಅದಕ್ಕ ಹೊಂದೂ ರಿಮೋಟು ಅಂಗಡ್ಯಾಗ ಸಿಗವಲ್ಲದಾಗಿತ್ತು. ಅಷ್ಟರಾಗ ಇನ್ನೊಂದು ಸೋಜಿಗಾ ಶುರು ಆತು. ದಿನಾ ಸಂಜಿಮುಂದ ಐದೂವರಿ ಆರರ ನಡುವ ನಮ್ಮ ಗ್ಯಾರೇಜಿನ ಕದಾ ತನ್ನಷ್ಟಕ್ಕ ತಾನ ಗರ್ರ್ ಅಂತ ಮ್ಯಾಲೆ ಏಳೂದು! ಇವರು ಆಫೀಸಿನಿಂದ ಬಂದಿರೂದಿಲ್ಲ, ಬಟನ್ ಯಾರೂ ಮುಟ್ಟಿಲ್ಲ. ಅತ್ತಿಯವರು ದೇವರ ಮುಂದಿನ ದೀಪಾ ಅಲ್ಲೇ ಬಿಟ್ಟು ಬಂದು ನೋಡೋರು. ದೆವ್ವದ ಮಾತು ಬಾಯಿಗೆ ಬಂದಿತ್ತು, ಸೊಸಿ ಮುಂದ ಹೆಂಗ ಅನ್ನೂದು ಅಂತ ನುಂಗಿದ್ರು. ಮೂರನೇ ಸಂಜಿ ನಾ ಹೊರಗ ಕಾದು ನಿಂತೆ. ಎದುರಿನ ಸಾಲಿನ್ಯಾಗ ಮೂರನೇ ಮನಿ ಅಜ್ಜಿ ಕಾರು ತಕ್ಕೊಂಡು ಬಂದ್ರು, ಅವರ ಕದಾ ಎದ್ದಿತು, ಅದರ ಜೋಡಿ ನಮ್ಮದೂ ಎದ್ದಿತು. ಬ್ಯಾಸಗಿ ಮುಗಿಯೂ ತನಕಾ ಆ ಮನಿ ಖಾಲಿ ಇತ್ತು. ಅಜ್ಜಿ ಹೊಸದಾಗಿ ಬಂದಿದ್ರು, ಹಳೇ ರಿಮೋಟು ಮನಿ ಜೋಡಿನ ಸಿಕ್ಕಿತ್ತು.

ಯಾಕ ಹಂಗಾತು ಅಂದ್ರ, ಹಳೇ ಕಾಲದ ರಿಮೋಟಿನ ಒಳಗ ಸಣ್ಣ ಸಣ್ಣ ಸ್ವಿಚ್ಚಿನ ಸಾಲು ಇರ್ತದ, ಅಕ್ಕಿಕಾಳಿನಷ್ಟು. ಡಿಪ್ ಸ್ವಿಚ್ ಅಂತಾರ. ಕೆಲವು ಮ್ಯಾಲೆ, ಕೆಲವು ಕೆಳಗ. ಅದ ಆ ಮನಿಯ ಗುಪ್ತ ನಂಬರು. ಮೋಟರಿನ ಕಡೆ ರಿಸೀವರ್ ಅಂತ ಇರೂ ಡಬ್ಬ್ಯಾಗೂ ಅದ ಸಾಲು. ಎರಡೂ ಒಂದ ಥರಾ ಇದ್ರ ಕದಾ ತಗೀತದ. ಹತ್ತು ಸ್ವಿಚ್ ಇದ್ರ ಒಟ್ಟು 1,024 ಥರಾ ಜೋಡಿಸಬಹುದು. ಆದ್ರ ಬಡಾವಣಿ ಕಟ್ಟಾವ್ರು ಎಲ್ಲಾ ಮನಿಗೂ ಒಂದ ಥರದ ಓಪನರ್ ಹಾಕಿ, ಡಬ್ಬ್ಯಾಗ ಬಂದಂಗ ಬಿಟ್ಟಿದ್ರು. ಅಂದ್ರ ಇಪ್ಪತ್ತೈದು ಮೂವತ್ತು ವರ್ಷ ಆ ಓಣ್ಯಾಗ ಎಷ್ಟ ಮನಿಗೆ ಒಂದ ಕೀಲಿಕೈ ಇತ್ತೋ ದೇವರಿಗೆ ಗೊತ್ತು. ನಮಗಿಂತ ಮೊದಲ ಈ ಮನ್ಯಾಗ ಇದ್ದವರ ಕಡೆ, ಅವರ ಮಕ್ಕಳ ಕಡೆ, ಮನಿ ಕೆಲಸಕ್ಕ ಬಂದವರ ಕಡೆ ಎಷ್ಟ ರಿಮೋಟು ಉಳದಿದ್ವೋ. ಮನಿ ತಗೊಂಡಾಗ ನಾವೆಲ್ಲಾ ಮುಂಬಾಗಲದ ಕೀಲಿ ಬದಲಸತೀವಿ, ಇದನ್ನ ಯಾರೂ ನೆನಸೂದಿಲ್ಲ.

ಆ ರಾತ್ರಿನ ಸ್ವಿಚ್ ಬದಲಿಸಿ ಅಜ್ಜಿ ಕದಾ ಬ್ಯಾರೆ, ನಮ್ಮ ಕದಾ ಬ್ಯಾರೆ ಮಾಡಿದೆ. ಆದ್ರ ಅಷ್ಟಕ್ಕ ಸಮಾಧಾನ ಆಗಲಿಲ್ಲ. ಈ ಥರದ ರಿಮೋಟು ಪ್ರತಿ ಸಲಾ ಅದ ನಂಬರನ್ನ ಗಾಳ್ಯಾಗ ಕೂಗಿ ಹೇಳ್ತದ. ಕೇಳಿಸಿಕೊಂಡವರು ತಿರುಗಿ ಅದನ್ನ ಕೂಗಬಹುದು. 2015ರಾಗ ಸ್ಯಾಮಿ ಕಮ್ಕಾರ್ ಅನ್ನೂ ಸಂಶೋಧಕ ಮಕ್ಕಳು ಆಡೂ ಒಂದು ಮೆಸೇಜಿನ ಆಟಿಗಿ ತಗೊಂಡು, ಅದರಾಗ ಸ್ವಲ್ಪ ಬದಲ ಮಾಡಿ, ಇಂಥಾ ಹಳೇ ಕೋಡಿನ ಕದಾ ಹತ್ತು ಸೆಕೆಂಡಿನ ಒಳಗ ತಗದು ತೋರಿಸಿದಾ. ಕದಿಯಾಕಲ್ಲ, ಮಂದಿಗೆ ಎಚ್ಚರಾ ಆಗಲಿ ಅಂತ.

ಕದಾ ರಿಪೇರಿ ಮಾಡಾವ್ರನ್ನ ಒಬ್ಬರನ್ನ ಕರಸಿದ್ವಿ. ಅವರು ಎರಡ ನಿಮಿಷ ಮ್ಯಾಲೆ ನೋಡಿ, ಎಲ್ಲಾ ಕಿತ್ತು ಹೊಸಾ ಓಪನರ್ ಹಾಕಸ್ರಿ ಅಂದ್ರು. ಮೋಟರ್ ಗಟ್ಟಿ ಇತ್ತು, ಸರಪಳಿ ಗಟ್ಟಿ ಇತ್ತು. ಕಿವಿ ಮಂದ ಆದ್ರ ಮನಷ್ಯಾನ್ನ ಬದಲಸತಾರೇನು? ಕಿವಿ ಯಂತ್ರ ಹಾಕತಾರ. ಇದಕ್ಕೂ ಹಂಗ ಸಿಗ್ತದ: ಭಾಳಷ್ಟು ಕಂಪನಿ ಓಪನರಿಗೆ ಹೊಂದೂ ಹೊರಗಿನ ರಿಸೀವರ್. ಕೈಯಂಗೈ ಅಷ್ಟ ಡಬ್ಬಿ, ಗ್ವಾಡಿಗೆ ಚುಚ್ಚೂ ಒಂದು 24 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಎರಡು ರಿಮೋಟು, ಬೆಲ್ಲಿಗೆ ಹಾಕೂ ಅಂಥಾ ತೆಳು ವೈರು. ನೂರು ಡಾಲರಿನ ಒಳಗ ಬಂತು.

ಒಂದು ಮಾತು ಮಾತ್ರ ಇಲ್ಲೆ ಗಟ್ಟಿ ಹೇಳತೀನಿ. ಅಮೆರಿಕಾದಾಗ 1993ರ ಜನೇವರಿಯಿಂದ ಈಚಿಗೆ ಮಾಡಿದ ಮನಿ ಓಪನರಿಗೆ, ಕದಾ ಇಳಿಯೂ ಮುಂದ ಅಡ್ಡ ಏನರ ಬಂದ್ರ ತಿರುಗಿ ಏಳೂ ವ್ಯವಸ್ಥಾ ಬೇಕು ಅಂತ ಕಾನೂನು ಬಂತು. ಮೊದಲ ಕದದ ಕೆಳಗ ಸಿಕ್ಕು ಮಕ್ಕಳು ಸತ್ತಿದ್ರು, ಅದಕ್ಕ. ಬಾಗಲದ ಎರಡೂ ಕಡೆ, ನೆಲದಿಂದ ಆರು ಇಂಚಿನ ಒಳಗ, ಕಣ್ಣು ಇಟ್ಟಿರ್ತಾರ. ನಮ್ಮದಕ್ಕ ಆ ಕಣ್ಣು ಇದ್ವು, ಅದಕ್ಕ ಹಳೇ ಮೋಟರ್ ಉಳಿಸಿದೆ. ಕಣ್ಣಿಲ್ಲದ ಓಪನರ್ ಇದ್ದವರು ರಿಸೀವರಿನ ಮಾತ ಬಿಡ್ರಿ, ಪೂರಾ ಬದಲಸ್ರಿ.

ಶನಿವಾರ ಮುಂಜಾನೆ ತಿಂಡಿ ಆದ ಮ್ಯಾಲೆ ಏಣಿ ಹಾಕಿದೆ. ಇವರು ಕೆಳಗ ಏಣಿ ಹಿಡಕೊಂಡು, "ಕರೆಂಟಿನ ಕೆಲಸ, ಯಾರನ್ನರ ಕರಸೋಣು" ಅಂತ ಒಂದು ನಾಲ್ಕ ಸಲಾ ಅಂದ್ರು. ಅತ್ತಿಯವರು ಅವರಿಗೆ, "ಮಿಕ್ಸರ್ ಬಿಚ್ಚಿ ರಿಪೇರಿ ಮಾಡಾಕಿ, ಇದು ಯಾವ ಲೆಕ್ಕ? ಏಣಿ ಗಟ್ಟಿ ಹಿಡಿ" ಅಂದ್ರು. ನನ್ನ ಬಗ್ಗೆ ಅತ್ತಿಯವರು ಮಗನ ಮುಂದ ಹಂಗಂದದ್ದು ಇದ ಮೊದಲು, ಆದ್ದರಿಂದ ಬರದ ಇಡತೀನಿ.

ಓಪನರಿನ ಪ್ಲಗ್ ಮೊದಲ ಕಿತ್ತೆ. ನಮ್ಮ ಹಳೇ ರಿಸೀವರ್ ಮೋಟರಿನ ಹಿಂದ ಪ್ರತ್ಯೇಕ ಡಬ್ಬಿ ಆಗಿ ತೂಗ್ತಿತ್ತು, ಮೂರು ವೈರು ಸ್ಕ್ರೂಕ್ಕ ಬಿಗದಿದ್ದು. ಅದನ್ನ ಬಿಚ್ಚಿ ತಗದೆ. ಇದು ಭಾಳ ಮುಖ್ಯ. ಹೊಸದನ್ನ ಹಾಕಿ ಹಳೇದನ್ನ ಹಂಗ ಬಿಟ್ರ ಹಳೇ ಕಿವಿ ಕೇಳ್ತನ ಇರ್ತದ. ಹೊಸಾ ಕೀಲಿ ಹಾಕಿ ಹಿತ್ತಲ ಬಾಗಲಾ ತಗದ ಬಿಟ್ಟಂಗ. ಗ್ವಾಡಿ ಬಟನಿನಿಂದ ಬಂದ ಎರಡು ವೈರು ಮೋಟರಿನ ಯಾವ ಎರಡು ಸ್ಕ್ರೂಕ್ಕ ಸೇರ್ಯಾವ ನೋಡಿಕೊಂಡೆ. ಹೊಸಾ ರಿಸೀವರಿನ ಎರಡು ವೈರೂ ಅವ ಎರಡು ಸ್ಕ್ರೂಕ್ಕ. ಬಟನಿನ ವೈರು ತಗೀಬೇಕಿಲ್ಲ, ಎರಡೂ ಒಂದ ಕಡೆ ಕೂಡತಾವ. ಯಾಕಂದ್ರ ರಿಸೀವರ್ ಮಾಡೂ ಕೆಲಸ ಇಷ್ಟ: ನಂಬರು ಸರಿ ಬಂದ್ರ ಆ ಎರಡು ವೈರನ್ನ ಒಂದು ಕ್ಷಣ ಮುಟ್ಟಿಸಿ ಬಿಡೂದು, ಯಾರೋ ಗ್ವಾಡಿ ಬಟನ್ ಒತ್ತಿದಂಗ. ಡಬ್ಬಿ ಒಳಗ ಒಂದು ಸಣ್ಣ ಕೊಂಡಿ ಇರ್ತದ, ಒಂದು ಕ್ಷಣ ಮುಟ್ಟಿಸೂದೋ ಒತ್ತಿದಷ್ಟ ಹೊತ್ತೂ ಹಿಡಿಯೂದೋ ಆರಿಸಾಕ. ಗ್ಯಾರೇಜಿಗೆ ಬೇಕಾದದ್ದು ಕ್ಷಣದ್ದು. ಡಬ್ಬಿಯಿಂದ ಬಾಲದಂಗ ಒಂದು ವೈರು ಹೊರಗ ಜೋತು ಬಿದ್ದಿರ್ತದ, ಅದು ಆಂಟೆನಾ. ಛಂದ ಕಾಣವಲ್ಲದು ಅಂತ ಸುತ್ತಿ ಒಳಗ ತುರುಕಬ್ಯಾಡ್ರಿ, ಕತ್ತರಿಸಂತೂ ಬ್ಯಾಡ.

ಏಣಿ ಮ್ಯಾಲೆ ಇದ್ದೀನಿ ಅಂತ ಕದದ ಮ್ಯಾಲಿನ ದೊಡ್ಡ ಸ್ಪ್ರಿಂಗಿಗೆ ಕೈ ಹಚ್ಚಲಿಲ್ಲ, ನೀವೂ ಹಚ್ಚಬ್ಯಾಡ್ರಿ. ಕದದ ಭಾರಾ ಎಲ್ಲಾ ಹೊರೂದು ಆ ಸ್ಪ್ರಿಂಗು, ಮೋಟರ್ ಬರೇ ದೂಡ್ತದ. ಬಿಗಿದ ಸ್ಪ್ರಿಂಗ್ ಬಿಚ್ಚಿಕೊಂಡ್ರ ಕೈ ಉಳಿಯೂದಿಲ್ಲ. ತೆಳು ವೈರಿನ ಕೆಲಸ ನಮ್ಮದು, ಸ್ಪ್ರಿಂಗಿನ ಕೆಲಸ ಕಲತವರದು.

ಆಮ್ಯಾಲೆ ನಂಬರು ಕಲಿಸೂದು. ರಿಸೀವರಿನ ಮ್ಯಾಲೆ 'ಲರ್ನ್' ಅಂತ ಒಂದು ಬಟನ್ ಅದ. ಅದನ್ನ ಒಂದ ಸಲಾ ಒತ್ತಿ ಬಿಟ್ರ ದೀಪಾ ಹತ್ತತದ. ಅದು ಆರೂದ್ರೊಳಗ ರಿಮೋಟಿನ ಬಟನ್ ಒತ್ತಬೇಕು. ಅದು ಇದರ ನಂಬರನ್ನ ನೆನಪಿಟ್ಕೋತದ. ನಾ ಮ್ಯಾಲಿಂದ, "ಅತ್ಯಾ, ಈಗ ನೀವ ಒತ್ರಿ" ಅಂದೆ. ಅವರು ರಿಮೋಟನ್ನ ಎರಡೂ ಕೈಲೆ ಹಿಡಕೊಂಡು, "ತೊಟ್ಟಲದಾಗಿನ ಕೂಸಿನ ಕಿವ್ಯಾಗ ಹೆಸರು ಹೇಳಿದಂಗ ಆತಿದು" ಅಂದು ಒತ್ತಿದ್ರು. ದೀಪಾ ಮಿಣುಕಿತು. ಮೊದಲನೇ ರಿಮೋಟು ಅವರದ ಕಲಿಸಿದೆ, ಇವರದು ಆಮ್ಯಾಲೆ.

ಈ ಹೊಸಾ ರಿಮೋಟಿನ ನಂಬರು ಪ್ರತಿ ಸಲಾ ಬದಲಾಗ್ತದ. ರೋಲಿಂಗ್ ಕೋಡ್ ಅಂತಾರ. ನಮ್ಮಲ್ಲೆ ಹಾಲಿಗೆ ಕೂಪನ್ ಪುಸ್ತಕ ಇರ್ತಿತ್ತಲ್ಲಾ, ಹಂಗ. ಇವತ್ತಿನ ಚೀಟಿ ಹರದು ಕೊಟ್ಟಿರಿ ಅಂದ್ರ ಅದು ಮುಗೀತು, ನಾಳಿ ಅದ ಚೀಟಿ ಯಾರ ತಂದು ಕೊಟ್ರೂ ಹಾಲು ಸಿಗೂದಿಲ್ಲ. ರಿಸೀವರಿಗೆ ಮುಂದ ಬರೂ ಚೀಟಿ ಯಾವವು ಅನ್ನೂದು ಗೊತ್ತಿರ್ತದ. ರಿಮೋಟನ್ನ ದೂರದಾಗ ಸುಮ್ಮನ ನಾಲ್ಕ ಸಲಾ ಒತ್ತಿದ್ರ ನಾಲ್ಕ ಚೀಟಿ ದಂಡಾ ಆಗ್ತಾವ, ಆದ್ರ ಅದು ಮುಂದಿನ ಒಂದಿಷ್ಟು ಚೀಟಿ ತನಕಾ ನೋಡಿ ಹೊಂದಿಸಿಕೋತದ. ಭಾಳ ಮುಂದ ಹೋಗಿಬಿಟ್ರ ಮಾತ್ರ ತಿರುಗಿ ಹೊಂದಿಸಬೇಕು.

ಮನಿ ಕೊಂಡವರಿಗೆ, ಕೆಲಸಗಾರರು ಬಿಟ್ಟು ಹೋದ ಮ್ಯಾಲೆ, ರಿಮೋಟು ಕಳಕೊಂಡ ಮ್ಯಾಲೆ ಇನ್ನೊಂದು ಗೊತ್ತಿರಬೇಕು. ಅದ ಲರ್ನ್ ಬಟನನ್ನ ದೀಪಾ ಆರೂ ತನಕಾ, ಸುಮಾರು ಆರು ಸೆಕೆಂಡು, ಒತ್ತಿ ಹಿಡದ್ರ ಕಲತದ್ದೆಲ್ಲಾ ಅಳಸಿ ಹೋಗ್ತದ. ಒಬ್ಬರದಷ್ಟ ಅಳಸೂದು ನಮ್ಮ ಥರದ ರಿಸೀವರಿನ್ಯಾಗ ಇಲ್ಲ. ಎಲ್ಲಾ ಅಳಿಸಿ, ಮನ್ಯಾಗ ಇರಾವ್ರಿಗೆ ಮತ್ತ ಒಬ್ಬೊಬ್ಬರಿಗೆ ಕಲಿಸಬೇಕು. ಕಾರು ಹೊರಗ ನಿಂದ್ರಸಾವ್ರು ರಿಮೋಟನ್ನ ಕಾರಿನ್ಯಾಗ ಬಿಡಬ್ಯಾಡ್ರಿ. ಕಾರಿನ ಕಾಗದದ ಮ್ಯಾಲೆ ವಿಳಾಸ ಇರ್ತದ, ಕೀಲಿಕೈ ಜೋಡಿ ಮನಿ ದಾರಿನೂ ಕೊಟ್ಟಂಗ.

ಎಲ್ಲಾ ಆದ ಮ್ಯಾಲೆ ಅತ್ತಿಯವರ ಪರೀಕ್ಷಾ. "ನಾ ನಡುವ ಇದ್ದಾಗ ನನ್ನ ಮ್ಯಾಲೆ ಇಳದ್ರ?" ಅಂದ್ರು. ನ್ಯಾಯದ ಪ್ರಶ್ನೆ. ಕದಾ ಇಳಿಯೂ ಮುಂದ ಕಸಬರಿಗಿ ಕಣ್ಣಿನ ಅಡ್ಡ ಹಿಡದೆ, ತಿರುಗಿ ಎದ್ದಿತು. ಒಂದೂವರಿ ಇಂಚು ದಪ್ಪನ ಕಟಗಿ ನೆಲದ ಮ್ಯಾಲೆ ಅಡ್ಡ ಇಟ್ಟೆ, ಕದಾ ಬಂದು ಮುಟ್ಟಿ ತಿರುಗಿ ಹೋತು. ತಿಂಗಳಿಗೊಮ್ಮೆ ಇವೆರಡೂ ಮಾಡಿ ನೋಡಬೇಕು. ಅವರು ಮೂರು ಸಲಾ ಮಾಡಿಸಿದ್ರು. ಕರೆಂಟ್ ಹೋದ್ರ ಏನು ಅಂತ ಕೇಳಿದ್ರು. ಕೆಂಪು ಹಗ್ಗಾ ತೋರಿಸಿದೆ. ಕದಾ ಪೂರಾ ಮುಚ್ಚಿದ್ದಾಗ ಅದನ್ನ ಜಗ್ಗಿ, ಆಮ್ಯಾಲೆ ಕೈಲೆ ಎತ್ತೂದು. ತಗದಿದ್ದಾಗ ಜಗ್ಗಬಾರದು, ಸ್ಪ್ರಿಂಗ್ ಸೋತಿದ್ರ ಧಡಕ್ಕನ ಬೀಳ್ತದ. ಆದ್ರ ಎತ್ತೂ ಕೆಲಸ ಅವರು ಮಾಡೂದು ಬ್ಯಾಡ, ಮಗನ್ನ ಕರೀಲಿ ಅಂತ ಠರಾಯಿಸಿದ್ವಿ.

ಮೊದಲನೇ ವಾರಾ ಎರಡು ತಕರಾರು. ಒಂದು, ನಮ್ಮ ಮಂದಿಗೆ ಬೆಲ್ ಎರಡ ಸಲಾ ಒತ್ತಿದ ಹೊರತು ಸಮಾಧಾನ ಇಲ್ಲ. ಇದಕ್ಕ ಒಂದ ಬಟನ್. ಒತ್ತಿದ್ರ ಹೊಂಡತದ, ನಡುವ ಒತ್ತಿದ್ರ ನಿಂದ್ರತದ, ಮತ್ತ ಒತ್ತಿದ್ರ ತಿರುಗತದ. ಅತ್ತಿಯವರು ಟಕ್ ಟಕ್ ಅಂತ ಎರಡ ಸಲಾ ಒತ್ತೋರು, ಕದಾ ಮೊಳಕಾಲತನಕಾ ಎದ್ದು ನಿಂತುಬಿಡೂದು. "ಒಂದ ಸಲಾ ಒತ್ತಿ 'ಶ್ರೀ ರಾಮ ಜಯ ರಾಮ' ಒಂದ ಸಲಾ ಅನ್ರಿ" ಅಂದೆ, ಸರಿ ಹೋತು. ಎರಡನೇದು, ಗ್ಯಾರೇಜಿನ ದೀಪಾ ಹತ್ತಿದ್ದಾಗ ರಿಮೋಟು ಹತ್ತು ಹೆಜ್ಜಿ ದೂರದಿಂದನೂ ಕೆಲಸಾ ಮಾಡವಲ್ಲದು. ಓಪನರಿನ ಬಲ್ಬು ಸೋವಿ ಎಲ್ಇಡಿ ಇತ್ತು. ಕೆಲವು ಎಲ್ಇಡಿ ಬಲ್ಬು ರೇಡಿಯೋಕ್ಕ ಗದ್ದಲಾ ಮಾಡತಾವ, ರಿಸೀವರಿಗೆ ಮಾತು ಕೇಳಸೂದಿಲ್ಲ. ಗ್ಯಾರೇಜ್ ಓಪನರಿಗೆ ಅಂತ ಮಾಡಿದ ಬಲ್ಬು ತಂದು ಹಾಕಿದೆ, ರಸ್ತೆದಿಂದ ಒತ್ತಿದ್ರೂ ಎದ್ದಿತು. ಮೂರನೇದೂ ಒಂದು ಅದ, ಆದ್ರ ಅದು ತಕರಾರಲ್ಲ: ಅತ್ತಿಯವರು ತುಳಸಿ ಕುಂಡಾ ಚಳಿಗೆ ಒಳಗ ತಂದು ಬರೋಬ್ಬರಿ ಆ ಕಣ್ಣಿನ ಮುಂದ ಇಟ್ಟಿದ್ರು. ಕದಾ ಮುಚ್ಚಾಕ ಒಲ್ಲೆ ಅಂತು. "ತುಳಸವ್ವ ಬಾಗಲಾ ಕಾಯ್ತಾಳ" ಅಂತ ಅವರು ನಕ್ಕರು, ನಾ ಕುಂಡಾ ಅರ್ಧಾ ಅಡಿ ಸರಿಸಿದೆ.

ಆಮ್ಯಾಲೆ ಅವರು ದಿನಾ ಹೊರಗ ಹೊಂಟರು. ಕಿಡಕಿ ಮುಂದಿನ ಕುರ್ಚಿ ಊಟದ ಮೇಜಿಗೆ ತಿರುಗಿ ಬಂತು. ಸ್ವೆಟರ್, ಅದರ ಮ್ಯಾಲೆ ಮಗನ ಹಳೇ ಜಾಕೆಟ್, ಸೀರಿ ಕೆಳಗ ಬೂಟು. ಕದಾ ಎಬ್ಬಿಸಿ ಹೊರಗ ನಿಂತು, ಇಳಿಸಿ, ಪೂರಾ ನೆಲಕ್ಕ ಮುಟ್ಟೂ ತನಕಾ ನೋಡಿ, ಆಮ್ಯಾಲೆ ಹೆಜ್ಜಿ. ಓಣಿ ತುದಿಯ ಕೆರಿ ತನಕಾ ಹೋಗೋರು. ಎದುರಿನ ಅಜ್ಜಿ ಪರಿಚಯ ಆತು. ಇಬ್ಬರಿಗೂ ಭಾಷಾ ಇಲ್ಲ, ಇಬ್ಬರಿಗೂ ಮೊಳಕಾಲ ನೋವು ಅದ, ಮಾತಿಗೆ ಅಷ್ಟ ಸಾಕು. ರಿಮೋಟನ್ನ ಧಾರವಾಡದ ಕೀಲಿಕೈ ಗೊಂಚಲಕ್ಕ ಪೋಣಿಸಿದ್ರು. ಇಷ್ಟ ದಿವಸ ಅದು ಸೂಟಕೇಸಿನ್ಯಾಗ ಇತ್ತು. ಮನ್ಯಾಗ ಸಪ್ಪಳಾ ತಿರುಗಿ ಶುರು ಆತು.

ವೈನಿ, ನಿಮ್ಮ ಗೇಟಿನ ಮಾತು. ಇಲ್ಲಿಂದ ರಿಮೋಟು ಕಳಸಂತ ಕೇಳಬ್ಯಾಡ್ರಿ. ಇಲ್ಲಿ ಗ್ಯಾರೇಜಿನವು 300ರಿಂದ 390 ಮೆಗಾಹರ್ಟ್ಸಿನ್ಯಾಗ ಮಾತಾಡತಾವ, ಅಲ್ಲೆ ಗೇಟಿನವು ಹೆಚ್ಚಾಗಿ 433ರಾಗ. ಮೋಟರ್ ಕೂಡಸಾವ್ರಿಗೆ ಬಣ್ಣ, ಗ್ಯಾರಂಟಿ ಕೇಳೂ ಮೊದಲ, ರೋಲಿಂಗ್ ಕೋಡ್ ಅದನೋ ಇಲ್ಲೋ ಕೇಳ್ರಿ. ಒಂದ ಕೋಡಿನ ರಿಮೋಟನ್ನ ಇನ್ನೊಂದು ರಿಮೋಟಿನ ಮುಂದ ಹಿಡದು ಒತ್ತಿ ನಕಲ ಮಾಡಿಬಿಡತಾರ, ಡೂಪ್ಲಿಕೇಟ್ ಕೀಲಿಕೈಕಿಂತ ಲಗೂನ. ಅಡ್ಡ ಬಂದ್ರ ನಿಂದ್ರೂ ಕಣ್ಣು ಹಾಕಸ್ರಿ, ಅದಕ್ಕ ರೊಕ್ಕಾ ಉಳಸಬ್ಯಾಡ್ರಿ, ಮೊಮ್ಮಗಾ ಗೇಟಿಗೆ ಜೋತಾಡ್ತಾನ ಅಂತ ನೀವ ಹೇಳಿದ್ರಿ. ಮತ್ತ ಕಲಿಸೂದು ಅಳಸೂದು ಎರಡನ್ನೂ ಅವರ ಮುಂದ ನೀವ ಸ್ವತಃ ಮಾಡಿ ನೋಡ್ರಿ. ಅಣ್ಣಾ ನೋಡಿಕೋತಾನ ಅಂತ ಬಿಡಬ್ಯಾಡ್ರಿ.

ಮಾರ್ಚಿನ್ಯಾಗ ಅತ್ತಿಯವರು ತಿರುಗಿ ಹೋದ್ರು. ಹೊಂಡೂ ಮುಂದ ಇವರು, "ಅವ್ವಾ, ರಿಮೋಟು ಇಲ್ಲೇ ಇಟ್ಟು ಹೋಗು" ಅಂದ್ರ, "ನನ್ನ ಮನಿ ಕೀಲಿಕೈ ನಾ ಯಾಕ ಬಿಟ್ಟು ಹೋಗಲಿ" ಅಂದು ಗೊಂಚಲಾ ಸೊಂಟಕ್ಕ ಸಿಗಿಸಿಕೊಂಡ್ರು. ರಿಸೀವರಿನ್ಯಾಗ ಅವರ ನಂಬರು ಇನ್ನೂ ಅದ. ಮೊನ್ನೆ ಫೋನಿನ್ಯಾಗ, "ಒತ್ತಿದ್ರ ಕೆಂಪು ದೀಪಾ ಇನ್ನೂ ಹತ್ತತದ ನೋಡವಾ" ಅಂದ್ರು. ಭಾಳ ಒತ್ತಬ್ಯಾಡ್ರಿ ಅತ್ಯಾ, ಚೀಟಿ ಮುಂದ ಹೋಗ್ತಾವ ಅಂತ ಹೇಳೀನಿ.